ಹಳಿಯ ಮೇಲೆ ಸೋದರತ್ತೆ

"ವಿಮಾನ ನಿಲ್ದಾಣದಿಂದ ವೈಟ್‌ಫೀಲ್ಡಿನ ಹೋಟೆಲಿನವರೆಗೆ ಅವರನ್ನು ಹಳಿಯ ಮೇಲೆಯೇ ಕರೆತರುತ್ತೇನೆ. ರಸ್ತೆಯ ಧೂಳು ಅವರ ಸೀರೆಯ ಅಂಚಿಗೂ ತಾಗುವುದಿಲ್ಲ!"

ನಾನು ಹೀಗೆ ಘೋಷಿಸಿದಾಗ ಮನೆಯಲ್ಲಿ ಮೂವರಿದ್ದರು. ಹೆಂಡತಿ ಅನುಸೂಯ, ಬಾಣಂತನಕ್ಕೆ ಬಂದಿದ್ದ ಮಗಳು ವೇಣಿ, ಮತ್ತು ವೇಣಿಯ ಮಡಿಲಲ್ಲಿ ಇನ್ನೂ ಹೆಸರಿಲ್ಲದ ನನ್ನ ಮೊಮ್ಮಗಳು. ಮೂವರಲ್ಲಿ ಅತ್ತದ್ದು ಮೊಮ್ಮಗಳು ಮಾತ್ರ. ಮುಂದಾಗುವುದು ಅವಳೊಬ್ಬಳಿಗೇ ಕಂಡಿರಬೇಕು.

ಕರೆತರಬೇಕಾಗಿದ್ದವರು ಶೈಲಶ್ರೀ. ನನ್ನ ಅಳಿಯ ಅಮರೇಶನ ಅಕ್ಕ, ಗದಗದ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯಿನಿ. ಅವರ ಕಡೆ ಮಗುವಿಗೆ ಹೆಸರಿಡುವುದು ಸೋದರತ್ತೆಯ ಹಕ್ಕು. ಹೆಸರನ್ನು ಆಕೆಯೇ ಆರಿಸಿ, ತೊಟ್ಟಿಲ ಮೇಲೆ ಬಾಗಿ, ಮಗುವಿನ ಕಿವಿಯಲ್ಲಿ ಮೂರು ಸಲ ಪಿಸುಗುಟ್ಟಬೇಕು. ಅಲ್ಲಿಯವರೆಗೆ ಅದು ಹೆತ್ತವರಿಗೂ ತಿಳಿಯುವಂತಿಲ್ಲ. ವೇಣಿ ಎಷ್ಟು ಗೋಗರೆದರೂ ಶೈಲಶ್ರೀ ಫೋನಿನಲ್ಲಿ ಒಂದಕ್ಷರ ಬಿಟ್ಟುಕೊಟ್ಟಿರಲಿಲ್ಲ. "ಹೆಸರ ಹೇಳೂದು ಫೋನಿನ್ಯಾಗಲ್ಲವಾ, ಕೂಸಿನ ಕಿವ್ಯಾಗ!"

ಆ ಹೆಸರು ಗುರುವಾರ ಬೆಳಿಗ್ಗೆ ಹುಬ್ಬಳ್ಳಿಯ ವಿಮಾನದಲ್ಲಿ ಶೈಲಶ್ರೀಯವರ ತಲೆಯೊಳಗೆ ಕುಳಿತು ಬರುತ್ತಿತ್ತು. ಬೀಗರ ಕಡೆಯವರೆಲ್ಲ ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಇಳಿದುಕೊಂಡಿದ್ದರು. ನಾಮಕರಣವೂ ಅಲ್ಲಿನ ಸಭಾಂಗಣದಲ್ಲೇ. ನಮ್ಮ ಕಡೆಯಿಂದ ಅನುಸೂಯ ಹಾಕಿದ್ದ ಷರತ್ತು ಒಂದೇ: ಮಧ್ಯಾಹ್ನದ ರಾಹುಕಾಲ ಹುಟ್ಟುವ ಮೊದಲು ಹೆಸರು ಮಗುವಿನ ಕಿವಿಗೆ ಬಿದ್ದಿರಬೇಕು. ಎರಡು ದಿನ ಕಳೆದರೆ ಆಷಾಢ, ನಡುವೆ ಬೇರೆ ಮುಹೂರ್ತವಿಲ್ಲ. ತಪ್ಪಿದರೆ ಶ್ರಾವಣ ಬರುವವರೆಗೂ ಮಗು ಬರಿಯ 'ಏ ಪಾಪು'!

"ಮಾವಾರ, ಸುಮ್ನ ಒಂದು ಕ್ಯಾಬ್ ಮಾಡಿಬಿಡ್ರಿ," ಎಂದ ಅಮರೇಶ ಫೋನಿನಲ್ಲಿ.

ನಾನು ಭೌತಶಾಸ್ತ್ರದ ಪದವೀಧರ. ಪೀಣ್ಯದಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಇನ್ನೊಬ್ಬರ ಸ್ಕೇಲು ಸರಿಯಾಗಿದೆಯೇ ಎಂದು ಹೇಳುವುದೇ ನನ್ನ ವೃತ್ತಿ. ಅಂಥವನು ಹೆಬ್ಬಾಳದ ಮೇಲ್ಸೇತುವೆಯನ್ನೂ ಮಾರತ್ತಹಳ್ಳಿಯ ಸಿಗ್ನಲ್ಲನ್ನೂ ನಂಬುವುದುಂಟೇ? ರಸ್ತೆಯ ಮೇಲಿನ ಕಾರು ಒಂದು ಊಹೆ. ಹಳಿಯ ಮೇಲಿನ ರೈಲು ಒಂದು ನಿಯಮ!

"ರೀ, ನೀವು ಯಾವತ್ತಾದ್ರೂ ಏರ್‌ಪೋರ್ಟ್ ಹತ್ರ ರೈಲು ಹತ್ತಿದ್ದೀರಾ?" ಎಂದಳು ಅನುಸೂಯ.

"ಚಂದ್ರನ ಮೇಲೆ ಇಳಿದವರೂ ಮೊದಲ ಸಲವೇ ಇಳಿದದ್ದು ಕಣೇ."

"ಅಲ್ಲಿ ಬೀಗರು ಯಾರೂ ಕಾಯ್ತಿರ್ಲಿಲ್ಲ."

ಈ ವಾದದಲ್ಲಿ ತಿರುಳಿದೆ ಎಂದು ನನಗೆ ಆಗ ಅನ್ನಿಸಲಿಲ್ಲ.

ನನ್ನ ಯೋಜನೆ ಸರಳವಾಗಿತ್ತು. ವಿಮಾನ ನಿಲ್ದಾಣದ ಪಕ್ಕದ ಪುಟ್ಟ ಹಾಲ್ಟ್ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತುವುದು, ಬೈಯಪ್ಪನಹಳ್ಳಿಯಲ್ಲಿ ಇಳಿಯುವುದು, ಅಲ್ಲಿಂದ ನೇರಳೆ ಬಣ್ಣದ ಮೆಟ್ರೋದಲ್ಲಿ ಒಂದೇ ಓಟಕ್ಕೆ ವೈಟ್‌ಫೀಲ್ಡ್. ಗುರುವಾರಕ್ಕೆ ರಜೆ ಹಾಕಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟೆ.

ಶೈಲಶ್ರೀ ಹೊರಬಂದರು. ಹೆಗಲಲ್ಲಿ ಚೀಲ, ಕಂಕುಳಲ್ಲಿ ದೊಡ್ಡ ಸ್ಟೀಲಿನ ಡಬ್ಬ.

"ಏನ್ರಿ ಬೀಗರ, ಆರಾಮ? ಕಾರು ಎಲ್ಲಿ ನಿಲ್ಲಿಸೀರಿ?"

"ಕಾರಿಲ್ಲಮ್ಮ. ರೈಲು!"

ಅವರು ನನ್ನನ್ನು ಒಂದು ಕ್ಷಣ ಪ್ರಶ್ನೆಪತ್ರಿಕೆಯಂತೆ ಓದಿದರು. "ವಿಮಾನ ಇಳಿದು ರೈಲೇನ್ರಿ? ಹಂಗಾರ ಹುಬ್ಬಳ್ಳಿಯಿಂದನ ರೈಲಿಗೆ ಬರ್ತಿದ್ನೆಲ್ರಿ!"

ಪ್ರಶ್ನೆ ಎದುರಾದಾಗ ಮುನ್ನಡೆಯುವುದು ವಿಜ್ಞಾನಿಯ ಲಕ್ಷಣ. ಮುನ್ನಡೆದೆವು. ಆದರೆ ರೈಲಿನ ಹಾಲ್ಟಿಗೆ ಹೋಗಬೇಕಾದರೆ ಮೊದಲು ಬಸ್ಸು ಹತ್ತಬೇಕು ಎಂಬ ಸಂಗತಿ ಅಲ್ಲಿ ಎದುರಾಯಿತು. ರಸ್ತೆ! ಶಪಥ ಹುಟ್ಟಿದ ಕೂಡಲೇ ಸಾಯುವುದು ಬೇಡವೆಂದು, ಬಸ್ಸಿನ ಪ್ರಯಾಣವನ್ನು ಪ್ರಯೋಗದ ಪೂರ್ವಸಿದ್ಧತೆ ಎಂದು ಪರಿಗಣಿಸಿ ಕಣ್ಣು ಮುಚ್ಚಿಕೊಂಡೆ.

ಹಾಲ್ಟ್ ಎಂದರೆ ನಿಲ್ಲು ಎಂದರ್ಥ. ನಿಂತೆವು. ತುಂಬ ಹೊತ್ತು ನಿಂತೆವು. ಕೊನೆಗೆ ಗಾಡಿ ಬಂತು. ಬಾಗಿಲಲ್ಲಿ ದೇವನಹಳ್ಳಿ ಕಡೆಯ ಹಿರಿಯರೊಬ್ಬರು ಸೊಪ್ಪಿನ ಮೂಟೆಗೆ ಒರಗಿ ಕೂತಿದ್ದರು.

"ಅಣ್ಣಾ, ಇದು ಸಿಟಿಗೆ ಹೋಗುತ್ತಾ?"

"ಓಯ್ತದೆ, ಬನ್ನಿ ಸಾಮಿ. ಸಿಟಿಗಲ್ದೆ ಇನ್ನೆಲ್ಲಿಗ್ ಓದಾತು?"

ಹತ್ತಿದೆವು. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. "ನೋಡಿದಿರಾ? ಸಿಗ್ನಲ್ ಇಲ್ಲ, ಹಾರ್ನ್ ಇಲ್ಲ!" ಎಂದೆ. ಅದೇ ಕ್ಷಣಕ್ಕೆ ನಮ್ಮ ಗಾಡಿ ಉದ್ದಕ್ಕೆ ಹಾರ್ನ್ ಊದಿ, ಕೆಂಪು ಸಿಗ್ನಲ್ಲಿನ ಮುಂದೆ ನಿಂತಿತು. ಶೈಲಶ್ರೀ ಮೊದಲು ಸಿಗ್ನಲ್ಲನ್ನು ನೋಡಿದರು, ಆಮೇಲೆ ನನ್ನನ್ನು.

ಯಲಹಂಕ ದಾಟಿದ ಮೇಲೆ ಗಾಡಿ ಬಲಕ್ಕೆ ವಾಲಿತು. ನನ್ನ ಎದೆ ಎಡಕ್ಕೆ ವಾಲಿತು. ಯಾಕೆಂದರೆ ಬೈಯಪ್ಪನಹಳ್ಳಿ ಇದ್ದದ್ದು ಎಡಕ್ಕೆ!

"ಅಣ್ಣಾ, ಬೈಯಪ್ಪನಹಳ್ಳಿಗೆ ಹೋಗಲ್ವಾ ಇದು?"

"ಅದು ಬ್ಯಾರೆ ಗಾಡಿ ಸಾಮಿ. ಇದು ಎಸ್ವಂತ್‌ಪುರಕ್ಕೆ."

"ಸಿಟಿಗೆ ಹೋಗುತ್ತೆ ಅಂದ್ರಲ್ಲ!"

"ಸಿಟಿನೇ ಅಲ್ವಾ ಅದು? ಸೊಪ್ಪು ಮಾರೋ ಮಂಡಿ ಅಲ್ಲೇ ಐತೆ. ನಿಮ್ಗೆ ಎಲ್ಲಿಗೋಗ್ಬೇಕು?"

"ವೈಟ್‌ಫೀಲ್ಡಿಗೆ."

"ಕಾಡುಗೋಡಿ ಮಗ್ಗುಲ್ದಾ? ಅದ್ಯಾವಾಗ ಸಿಟಿ ಆತು?" ಎಂದು ಅವರು ನಿಜವಾದ ಕಾಳಜಿಯಿಂದ ಕೇಳಿದರು.

ತಪ್ಪು ಅವರದಲ್ಲ. ಬೆಂಗಳೂರಿನಲ್ಲಿ ಸಿಟಿ ಎಂಬುದು ಸ್ಥಳವಲ್ಲ, ಅಭಿಪ್ರಾಯ. ಮತ್ತೀಕೆರೆಯ ನನಗೆ ಸಿಟಿ ಎಂದರೆ ಮೆಜೆಸ್ಟಿಕ್. ಎಲೆಕ್ಟ್ರಾನಿಕ್ ಸಿಟಿಯ ನನ್ನ ಷಡ್ಡಕನಿಗೆ ಸಿಟಿ ಎಂದರೆ ಅವನ ಮನೆಯ ಎದುರು ರಸ್ತೆ. ಅಳತೆಯ ಮನುಷ್ಯ ಅಳತೆಗೋಲನ್ನೇ ವಿಚಾರಿಸದೆ ರೈಲು ಹತ್ತಿದ್ದೆ!

"ಏನಾತ್ರಿ ಬೀಗರ?"

"ಏನಿಲ್ಲಮ್ಮ. ಸಣ್ಣ ಮಾರ್ಗ ಬದಲಾವಣೆ. ಯಶವಂತಪುರದಿಂದ ಹಸಿರು ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೋ. ಇನ್ನೂ ಸುಲಭ! ಹಸಿರು ಮಾರ್ಗ ಅಂದರೆ ನನಗೆ ಮನೆಯ ಅಂಗಳ ಇದ್ದಹಾಗೆ. ದಿನಾ ಓಡಾಡೋದು."

ಈ ಕೊನೆಯ ವಾಕ್ಯದಲ್ಲಿ ಎಂಥ ಗಂಡಾಂತರವಿತ್ತೆಂದು ಆಮೇಲೆ ತಿಳಿಯಿತು.

ಯಶವಂತಪುರದ ಮೆಟ್ರೋ ಬಾಗಿಲಲ್ಲಿ ಶೈಲಶ್ರೀಯವರ ಡಬ್ಬ ತಪಾಸಣೆಯ ಯಂತ್ರದೊಳಗೆ ಹೋಯಿತು. ಹೋದದ್ದು ಹೊರಗೆ ಬರಲಿಲ್ಲ. ಪರದೆ ನೋಡುತ್ತಿದ್ದ ಹುಡುಗಿ ಕೈಯೆತ್ತಿದಳು.

"ಏನ್ ಮೇಡಂ ಇದು? ಒಳಗೆಲ್ಲ ಗುಂಡು ಗುಂಡಾಗಿ ಕಾಣ್ತಿದೆ."

"ಗುಂಡಲ್ಲವಾ ತಂಗಿ, ಉಂಡಿ! ಬಾಣಂತಿಗೆ ಅಂಟಿನ ಉಂಡಿ."

"ಅಂಟಾ? ಅಂಟೆಲ್ಲ ಒಳಗ್ ಬಿಡಲ್ಲ ಮೇಡಂ. ಬೆಂಕಿ ಹತ್ಕೊಳತ್ತೆ."

"ಅಯ್ಯ, ಇದು ತಿನ್ನೂ ಅಂಟು!"

ಆ ಹುಡುಗಿಯ ಹುಬ್ಬು ಇನ್ನಷ್ಟು ಮೇಲೇರಿತು. ಅಂಟು ತಿನ್ನುವ ಹೆಂಗಸನ್ನು ಅವಳು ಅಂದೇ ಮೊದಲು ಕಂಡದ್ದು. ನಾನು ಮಧ್ಯೆ ಪ್ರವೇಶಿಸಿದೆ. "ನೋಡಮ್ಮ, ಇದು ಕಾಗದ ಅಂಟಿಸುವ ಅಂಟಲ್ಲ. ಮರದ ತೊಗಟೆಯಿಂದ ಒಸರುವ ಒಂದು ಸಂಯುಕ್ತ. ತುಪ್ಪದಲ್ಲಿ ಹಾಕಿ ಕಾಯಿಸಿದರೆ ಒಳಗಿನ ತೇವ ಆವಿಯಾಗಿ ಹಿಗ್ಗಿ ಸಿಡಿಯುತ್ತದೆ..."

"ಸಿಡಿಯುತ್ತಾ?" ಎಂದು ಅವಳು ಹಿಂದಕ್ಕೆ ಸರಿದಳು. "ಸಾರ್! ಸ್ವಲ್ಪ ಇಲ್ಲಿ ಬನ್ನಿ ಸಾರ್!"

ಮೇಲಧಿಕಾರಿ ಬಂದರು. ಶೈಲಶ್ರೀ ನನ್ನನ್ನು ಒಂದೇ ಕೈಯಿಂದ ಪಕ್ಕಕ್ಕೆ ಸರಿಸಿ, ಡಬ್ಬದ ಮುಚ್ಚಳ ತೆಗೆದು, ಮಾತಿಲ್ಲದೆ ಒಂದು ಉಂಡೆಯನ್ನು ಅವರ ಮೂಗಿನ ಹತ್ತಿರ ಹಿಡಿದರು. ತುಪ್ಪ, ಒಣಕೊಬ್ಬರಿ, ಉತ್ತತ್ತಿಯ ವಾಸನೆ ಹರಡಿತು. ಅವರ ಮುಖ ಸಡಿಲವಾಯಿತು. "ನಮ್ಮಮ್ಮನೂ ಮಾಡ್ತಿದ್ರು. ಬಿಡಮ್ಮ ಅವರನ್ನ," ಎಂದರು. ನನ್ನ ರಸಾಯನಶಾಸ್ತ್ರ ಕಟ್ಟಿದ ಗೋಡೆಯನ್ನು ಒಂದು ಉಂಡೆ ಉರುಳಿಸಿತ್ತು.

ಮಾನ ಉಳಿಸಿಕೊಳ್ಳಲು ನಾನು ಮೆಟ್ಟಿಲು ಹತ್ತುತ್ತಾ ಮಾತಾಡತೊಡಗಿದೆ. ತಪ್ಪುಗಳಲ್ಲಿ ಎರಡು ಬಗೆ ಎಂದೆ. ಉಪಕರಣದ ತಪ್ಪು, ಮನುಷ್ಯನ ತಪ್ಪು. ಮನುಷ್ಯನ ತಪ್ಪನ್ನು ನೀಗಿಸುವ ದಾರಿ ಅಭ್ಯಾಸ ಎಂದೆ. ದಿನವೂ ಒಂದೇ ಕೆಲಸವನ್ನು ಒಂದೇ ರೀತಿ ಮಾಡಿದರೆ ಮನಸ್ಸು ಹಾಜರಿಲ್ಲದಿದ್ದರೂ ಕೈಕಾಲು ತಾವಾಗಿ ಸರಿಯಾದದ್ದನ್ನೇ ಮಾಡುತ್ತವೆ ಎಂದೆ. ರೈಲು ಬಂತು, ಹತ್ತಿದೆವು. ಮಾತು ಮುಂದುವರಿಸಿದೆ. ಉದಾಹರಣೆಗಳನ್ನು ಕೊಟ್ಟೆ. ಇಳಿದೆವು. ಕಾರ್ಡ್ ಮುಟ್ಟಿಸಿದೆ, ಮೆಟ್ಟಿಲಿಳಿದೆ, ಎಡಕ್ಕೆ ತಿರುಗಿದೆ.

"ಏನ್ ಸಾರ್, ಇವತ್ತು ರಜಾ ಅಂದಿದ್ರಿ?"

ಎದುರಿಗೆ ನಿಂತಿದ್ದವನು ಮುನೀಂದ್ರ. ನಾನು ದಿನವೂ ಕಾಫಿ ಕುಡಿಯುವ ಅಂಗಡಿಯವನು. ಅವನ ಅಂಗಡಿ ಇರುವುದು ನಮ್ಮ ಪ್ರಯೋಗಾಲಯದ ಎದುರಿಗೆ. ಪ್ರಯೋಗಾಲಯ ಇರುವುದು ಪೀಣ್ಯದಲ್ಲಿ!

ಲೇತ್ ಯಂತ್ರಗಳ ಸದ್ದು ನಾಲ್ಕೂ ಕಡೆಯಿಂದ ಕೇಳಿಸಿತು. ಮೆಜೆಸ್ಟಿಕ್ ದಕ್ಷಿಣಕ್ಕಿತ್ತು, ಕಾಲುಗಳು ನನ್ನನ್ನು ಉತ್ತರಕ್ಕೆ ಒಯ್ದು, ನಿತ್ಯದ ಬಾಗಿಲಲ್ಲಿ ಹತ್ತಿಸಿ, ನಿತ್ಯದ ನಿಲ್ದಾಣದಲ್ಲಿ ಇಳಿಸಿ, ನಿತ್ಯದ ಕಾಫಿಯ ಮುಂದೆ ತಂದು ನಿಲ್ಲಿಸಿದ್ದವು. ಸಿದ್ಧಾಂತ ಅಕ್ಷರಶಃ ಸಾಬೀತಾಗಿತ್ತು. ಮನಸ್ಸು ಹಾಜರಿರಲಿಲ್ಲ, ಅಷ್ಟೆ.

ಶೈಲಶ್ರೀ ತಲೆಯೆತ್ತಿ ಅಂಗಡಿಯ ಬೋರ್ಡು ಓದುತ್ತಿದ್ದರು. 'ಮುನೀಂದ್ರ ಟಿಫನ್ ಹೋಟೆಲ್.' ಒಳಗೆ ಎರಡು ಬೆಂಚು, ಒಂದು ಇಡ್ಲಿ ಪಾತ್ರೆ.

"ಇದ ಏನ್ರಿ ಆ ಹೋಟೆಲ್ಲು?" ಅವರ ದನಿ ತಗ್ಗಿತು. "ಇಷ್ಟು ಮಂದಿನ್ನ ಎಲ್ಲಿ ಕುಂದರಿಸ್ಯಾನ್ರಿ ನಮ್ಮ ತಮ್ಮ? ತೊಟ್ಟಿಲಾ ಎಲ್ಲಿ ಕಟ್ಟ್ಯಾರು?"

"ತೊಟ್ಟಿಲಾ?" ಮುನೀಂದ್ರ ಗಾಬರಿಯಾದ. "ಸಾರ್, ಬೆಂಚಿಗೆ ಜಾಗ ಇಲ್ಲ ಇಲ್ಲಿ!"

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ನಡುಗಿತು.

"ರೀ, ಎಲ್ಲಿದ್ದೀರಾ? ಇಲ್ಲಿ ಎಲ್ಲ ರೆಡಿ. ಮಗೂಗೆ ನೀರು ಹಾಕಿ ಹೊಸ ಬಟ್ಟೆ ಹಾಕಿದ್ದಾಯ್ತು."

"ಬರ್ತಾ ಇದೀವಿ ಕಣೇ."

"ಎಲ್ಲಿ ಬರ್ತಾ ಇದೀರಾ?"

"ಪೀಣ್ಯ."

ಅವಳು ತುಂಬ ನಿಧಾನವಾಗಿ ಕೇಳಿದಳು: "ರಜಾ ಹಾಕಿ ಆಫೀಸಿಗೆ ಹೋದ್ರಾ?"

"ನಾನಲ್ಲ ಕಣೇ. ಕಾಲು ಹೋಯ್ತು."

"ಬೀಗಿತ್ತೀನೂ ಕರ್ಕೊಂಡು?"

"ಅವರು... ಕಾಲಿನ ಹಿಂದೆ ಬಂದ್ರು."

ಇದರ ನಂತರ ಅನುಸೂಯ ಹೇಳಿದ್ದನ್ನು ಬರೆಯುವುದು ನಾಮಕರಣದ ದಿನಕ್ಕೆ ಮಂಗಳಕರವಲ್ಲ.

ಮತ್ತೆ ಮೆಟ್ಟಿಲು, ಮತ್ತೆ ಯಂತ್ರ, ಮತ್ತೆ ಉಂಡೆ. ಈ ಸಲ ನಾನು ರಸಾಯನಶಾಸ್ತ್ರದ ತಂಟೆಗೆ ಹೋಗಲಿಲ್ಲ. ರೈಲಿನಲ್ಲಿ ಬಾಯಿ ಮುಚ್ಚಿ, ಪ್ರತಿ ನಿಲ್ದಾಣದ ಹೆಸರನ್ನೂ ಶಾಲೆಯ ಹುಡುಗನಂತೆ ಓದುತ್ತಾ ನಿಂತೆ. ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲ ಮೇಲಿನ ಜನಪ್ರವಾಹವೇ ನಮ್ಮನ್ನು ನೇರಳೆ ಮಾರ್ಗಕ್ಕೆ ಹರಿಸಿತು. ಆದರೂ ನಂಬಿಕೆ ಬಾರದೆ ನಾನು ವೈಟ್‌ಫೀಲ್ಡ್ ತಾನೇ ಎಂದು ಒಬ್ಬರಾದ ಮೇಲೊಬ್ಬರನ್ನು ಕೇಳಿದೆ. ಕೊನೆಯವನು, "ಅಂಕಲ್, ನನ್ನನ್ನೇ ಎರಡು ಸಲ ಕೇಳಿದ್ರಿ," ಎಂದ.

ನೆಲದಡಿಯಿಂದ ಹೊರಬಂದು ಬೆಳಕು ಕಾಣುವ ಹೊತ್ತಿಗೆ ಶೈಲಶ್ರೀಯವರಿಗೆ ಕೂರಲು ಜಾಗ ಸಿಕ್ಕಿತ್ತು. ಡಬ್ಬ ತೊಡೆಯ ಮೇಲಿತ್ತು. ಅವರು ಕೋಪಿಸಿಕೊಂಡಿರಲಿಲ್ಲ. ಕಿಟಕಿಯಾಚೆ ನೋಡುತ್ತಾ, "ನಮ್ಮನ್ಯಾಗ ಹದಿನೈದು ವರ್ಷದ ಮ್ಯಾಲ ಹೆಣ್ಣುಕೂಸು ಹುಟ್ಟೇತ್ರಿ ಬೀಗರ," ಎಂದರು. "ತಿಂಗಳಗಟ್ಟಲೆ ವಿಚಾರ ಮಾಡಿ ಹೆಸರ ಇಟಗೊಂಡೇನಿ. ಹೊತ್ತು ಮೀರಬಾರದ್ರಿ." ಇಷ್ಟು ಹೊತ್ತು ನಾನು ನನ್ನ ಶಪಥವನ್ನು ಹೊತ್ತು ತಿರುಗುತ್ತಿದ್ದೆ. ಅವರು ಒಂದು ಹೆಸರನ್ನು.

ಹೂಡಿ ದಾಟುವಾಗ ಅನುಸೂಯಳ ಕರೆ ಬಂತು. "ಇನ್ನು ಐದು ನಿಮಿಷಕ್ಕೆ ರಾಹುಕಾಲ. ಎಲ್ಲಿದ್ದೀರಾ?"

"ಇನ್ನೂ ಸ್ವಲ್ಪ ನಿಲ್ದಾಣ ಇದೆ ಕಣೇ."

ಆ ಕಡೆ ಗುಸುಗುಸು ನಡೆಯಿತು. ಅಮರೇಶನ ತಾಯಿ ಶಿವಲಿಂಗಮ್ಮನವರು ಫೋನ್ ತೆಗೆದುಕೊಂಡರು. ನಾನು ಧ್ವನಿ ಜೋರು ಮಾಡಿ ಫೋನನ್ನು ಶೈಲಶ್ರೀಯವರ ಮುಂದೆ ಹಿಡಿದೆ. "ಶೈಲಾ, ಫೋನಿನ್ಯಾಗನ ಹೇಳಿಬಿಡವಾ. ಕೂಸಿನ ಕಿವಿಗೆ ಹಚ್ಚತೀವಿ. ಕಿವಿಗೆ ಬಿದ್ದರ ಸಾಕು."

ಶೈಲಶ್ರೀ ಯೋಚಿಸಿದರು. ಆಮೇಲೆ ಎದ್ದು ನಿಂತು, ಶಾಲೆಯ ಪ್ರಾರ್ಥನೆಯ ಸಾಲಿನ ಮುಂದೆ ನಿಂತಂತೆ, ಇಡೀ ಬೋಗಿಯನ್ನುದ್ದೇಶಿಸಿ ಹೇಳಿದರು: "ಎಲ್ಲಾರೂ ಸ್ವಲ್ಪ ಕೇಳ್ರಿ! ನಮ್ಮ ಕೂಸಿಗೆ ಹೆಸರಿಡಾಕ ಹತ್ತೇನಿ. ಕೂಸಿಗಿಂತ ಮೊದಲ ಮಂದಿ ಕೇಳಬಾರದು. ಎಲ್ಲಾರೂ ಕಿವಿ ಮುಚಗೋರಿ!"

ಮುಖ್ಯೋಪಾಧ್ಯಾಯಿನಿಯ ದನಿಗೆ ಎಂಥ ಶಕ್ತಿ! ಕಂಪನಿಯ ಗುರುತಿನ ಚೀಟಿ ತೂಗಿಸಿಕೊಂಡವರು, ಕಟ್ಟಡದ ಕೆಲಸಕ್ಕೆ ಹೊರಟವರು, ಭಾಷೆ ಬಾರದೆ ಪಕ್ಕದವರನ್ನು ನೋಡಿ ಅನುಕರಿಸಿದವರು, ಎಲ್ಲರೂ ಕಿವಿ ಮುಚ್ಚಿಕೊಂಡರು. ಕಿವಿಯೊಳಗೆ ಹಾಡು ಕೇಳುತ್ತಿದ್ದವನೊಬ್ಬ ಅದರ ಮೇಲೆಯೇ ಕೈ ಇಟ್ಟುಕೊಂಡ. ಫೋನ್ ಹಿಡಿದಿದ್ದ ನಾನು ಒಂದು ಕಿವಿಗೆ ಕೈಯನ್ನೂ ಇನ್ನೊಂದಕ್ಕೆ ಹೆಗಲನ್ನೂ ಒತ್ತಿಕೊಂಡೆ. ಕೆಲಸ ಮುಗಿದ ಕೂಡಲೇ ಕರೆ ಕಡಿಯುವುದು ನನ್ನ ಜವಾಬ್ದಾರಿ. ಅದನ್ನು ಅವರ ತುಟಿ ನೋಡಿ ತಿಳಿಯಬೇಕಿತ್ತು.

ಅವರು ಫೋನಿನತ್ತ ಬಾಗಿ, ಕಿವಿಯಲ್ಲಿ ಹೇಳಿದಂತೆ ಮೆಲ್ಲಗೆ, ಮೂರು ಸಲ ಪಿಸುಗುಟ್ಟಿದರು. ತುಟಿ ಮುಚ್ಚಿದವು. ಆ ಕ್ಷಣಕ್ಕೆ ಸರಿಯಾಗಿ ಕರೆ ಕಡಿದೆ. ಒಂದು ಚೂರು ಮೊದಲಲ್ಲ, ಒಂದು ಚೂರು ಆಮೇಲಲ್ಲ! ಇಡೀ ದಿನದಲ್ಲಿ ನಾನು ಕರಾರುವಾಕ್ಕಾಗಿ ಮಾಡಿದ್ದು ಅದೊಂದೇ ಕೆಲಸ. ಬೋಗಿ ಚಪ್ಪಾಳೆ ತಟ್ಟಿತು. ಡಬ್ಬ ತೆರೆಯಿತು. ಹತ್ತಿರದವರಿಗೆಲ್ಲ ಉಂಡೆ ಸಿಕ್ಕಿತು.

ಹೋಟೆಲಿಗೆ ಕಾಲಿಟ್ಟಾಗ ನಾನು ಎದೆ ಉಬ್ಬಿಸಿಕೊಂಡಿದ್ದೆ. ಸಭಾಂಗಣದಲ್ಲಿ ಸಂಭ್ರಮ. ತೊಟ್ಟಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಹರಿವಾಣದ ತುಂಬ ಅಕ್ಕಿ ಹರಡಿ, ಅಮರೇಶ ಉಂಗುರದಲ್ಲಿ ಮಗಳ ಹೆಸರು ಬರೆದಿದ್ದ.

"ಎಂಥ ಚೆಂದದ ಹೆಸರು ಅಕ್ಕಾ!" ಎಂದು ವೇಣಿ ಶೈಲಶ್ರೀಯವರ ಕೈ ಹಿಡಿದಳು. "ಎಲ್ಲೂ ಕೇಳಿರಲಿಲ್ಲ."

ಶೈಲಶ್ರೀ ಹೆಮ್ಮೆಯಿಂದ ಹರಿವಾಣದ ಮೇಲೆ ಬಾಗಿದರು. ಬಾಗಿದವರು ಹಾಗೆಯೇ ನಿಂತರು.

ಅಕ್ಕಿಯಲ್ಲಿ ದುಂಡಗೆ ಬರೆದಿತ್ತು: ಕುಂದಲಾ.

"ಇದನ್ಯಾರು ಇಟ್ಟಾರ?"

"ನೀವೇ ಅಲ್ವಾ ಅಕ್ಕಾ? ಫೋನಿನಲ್ಲಿ ಮೊದಲು ಏನೋ ಗುಸುಗುಸು, ಗರಗರ ಸದ್ದು. ಆಮೇಲೆ ಸ್ಪಷ್ಟವಾಗಿ, ರೇಡಿಯೋದಲ್ಲಿ ಹೇಳಿದಹಾಗೆ, 'ಕುಂದಲ' ಅಂದ್ರಿ. ಅಷ್ಟರಲ್ಲಿ ಕಟ್ಟಾಯ್ತು."

ನಾವೆಲ್ಲ ಕಿವಿ ಮುಚ್ಚಿಕೊಂಡಿದ್ದ ಆ ಗಳಿಗೆಯಲ್ಲಿ, ನಮ್ಮ ತಲೆಯ ಮೇಲಿನ ಸ್ಪೀಕರ್ ಬಾಯಿ ಮುಚ್ಚಿಕೊಂಡಿರಲಿಲ್ಲ. ಮುಂದಿನ ನಿಲ್ದಾಣ, ಕುಂದಲಹಳ್ಳಿ! ಅದರ 'ಹಳ್ಳಿ'ಯನ್ನು ನಾನು ಕರಾರುವಾಕ್ಕಾಗಿ ಕತ್ತರಿಸಿದ್ದೆ. ಇನ್ನೂ ಸ್ವಲ್ಪ ಮುಂಚೆ ಫೋನ್ ಬಂದಿದ್ದರೆ ಗರುಡಾಚಾರ್‌ಪಾಳ್ಯ ನಿಲ್ದಾಣ ಸಿಕ್ಕಿ, ಮೊಮ್ಮಗಳು ಗರುಡಾಚಾರ್ ಆಗುತ್ತಿದ್ದಳು.

ಎಲ್ಲರೂ ಶಿವಲಿಂಗಮ್ಮನವರ ಮುಖ ನೋಡಿದರು. ಅವರು ತೊಟ್ಟಿಲು ತೂಗುತ್ತಾ ಹೇಳಿದರು: "ಮೊದಲ ಕಿವಿಗೆ ಬಿದ್ದದ್ದ ಹೆಸರ. ಕುಂದಲಾ... ಚೊಲೋ ಐತಿ ಬಿಡ್ರಿ. ಶೈಲಾ, ನಿನ್ನ ಹೆಸರ ಮುಂದಿನ ಕೂಸಿಗೆ ಇಟಗೋ."

ಬಾಣಂತಿ ವೇಣಿ ಗಾಬರಿಯಿಂದ ಅಮರೇಶನನ್ನು ನೋಡಿದಳು. ಅಮರೇಶ ಚಾವಣಿ ನೋಡಿದ. ಶೈಲಶ್ರೀ ಮಗುವನ್ನೇ ನೋಡಿದರು. "ಕುಂದಲಾ," ಎಂದು ಒಮ್ಮೆ ಮೆಲ್ಲಗೆ ಕರೆದರು. ಮಗು ನಿದ್ದೆಯಲ್ಲೇ ನಕ್ಕಿತು. ಅಲ್ಲಿಗೆ ತೀರ್ಮಾನವಾಯಿತು.

"ಹಂಗಾರ ಗುದ್ದು?" ಎಂದರು ಹಿಂದಿನಿಂದ ಯಾರೋ. ಅವರ ಕಡೆ ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದುವ ಪದ್ಧತಿಯಂತೆ. ಬಳೆ ಹಿಂದೆ ಸರಿಸಿಕೊಂಡ ಮುಷ್ಟಿಗಳು ಆಗಲೇ ಸಿದ್ಧವಾಗಿದ್ದವು.

ಶೈಲಶ್ರೀ ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಹೆಗಲು ಹಿಡಿದು ಮುಂದಕ್ಕೆ ತಳ್ಳಿದರು. "ಹೆಸರ ಇಟ್ಟವಾಕಿ ನಾ ಅಲ್ರಿ. ಇವರು!"

ಮೊದಲ ಗುದ್ದು ಅನುಸೂಯಳದು. ಅದರಲ್ಲಿ ಪದ್ಧತಿಗಿಂತ ಪೀಣ್ಯ ಹೆಚ್ಚಿತ್ತು. ಆಮೇಲೆ ಬಿದ್ದವುಗಳ ಲೆಕ್ಕ ನಾನಿಡಲಿಲ್ಲ.

ಕೊನೆಯ ಸರದಿ ಶೈಲಶ್ರೀಯವರದು. ಅವರು ಗುದ್ದಲಿಲ್ಲ. ಬಾಗಿದ್ದ ನನ್ನ ಕಿವಿಯ ಹತ್ತಿರ ಬಾಯಿ ತಂದು, ಶಾಸ್ತ್ರೋಕ್ತವಾಗಿ ಮೂರು ಸಲ ಪಿಸುಗುಟ್ಟಿದರು:

"ಮುಂದಿನ ಕೂಸಿಗೆ ನನ್ನ ಕರಿಯಾಕ ನೀವು ಬರಬ್ಯಾಡ್ರಿ. ನೀವು ಬರಬ್ಯಾಡ್ರಿ. ನೀವು ಬರಬ್ಯಾಡ್ರಿ."

ಇದು ಮಾತ್ರ ಒಂದಕ್ಷರವೂ ಬಿಡದೆ ಕೇಳಿಸಿತು!